ಲೇತಿಗೆ ಕಟ್ಟಿದ ಚೀಟಿ

ಫೆಬ್ರವರಿ 3

ತಮ್ಮಾ,

ಒಂಬತ್ತು ವರ್ಷದಲ್ಲಿ ನಿನ್ನಿಂದ ಒಂದು ಕಾಗದ ಬರಲಿಲ್ಲ. ಇವತ್ತು ಬಂತು ನೋಡು, ಅದೂ ಕೋರ್ಟಿನ ಮುದ್ರೆ ಹೊತ್ತುಕೊಂಡು. ಪೋಸ್ಟಿನವನು ಮೆಟ್ಟಿಲ ಮೇಲೇ ನಿಲ್ಲಿಸಿ ಎರಡು ಕಡೆ ಸಹಿ ಹಾಕಿಸಿಕೊಂಡ. ಮೇಲಿನ ಮನೆಯವಳು ಬಟ್ಟೆ ಒಣಹಾಕೋ ನೆವದಲ್ಲಿ ಬಗ್ಗಿ ಬಗ್ಗಿ ನೋಡಿದಳು. ಸಾಯಂಕಾಲದೊಳಗೆ ನಾನು ಏನೋ ಕದ್ದಿದ್ದೀನಿ ಅಂತ ಇಡೀ ಕಟ್ಟಡಕ್ಕೆ ಗೊತ್ತಾಗಿರುತ್ತೆ.

ಕಾಗದದಲ್ಲಿ ಇರೋದು ಇಷ್ಟು. ಗಡಿಯಾರ ರಿಪೇರಿ ಅಂಗಡಿಯವನ ಮೇಲೆ, ಅಂದರೆ ನಿನ್ನ ಮೇಲೆ, ಸಾಲದ ಡಿಕ್ರಿ ಆಗಿದೆ. ಜಫ್ತಿಗೆ ಸಾಮಾನಿನ ಪಟ್ಟಿ ಮಾಡಿದ್ದಾರೆ. ಹದಿನೇಳನೆಯದು, 'ಕೈಯಲ್ಲಿ ತಿರುಗಿಸುವ ಸಣ್ಣ ಲೇತ್ ಒಂದು, ರಿಪೇರಿಗೆ ಬಂದದ್ದು.' ಮಾಲೀಕರು ಅನ್ನೋ ಕಡೆ ನನ್ನ ಹೆಸರು, ನನ್ನ ಬಾಗಿಲ ನಂಬರು. ಸಾಲ ಕೊಟ್ಟವನು ಇದು ಸುಳ್ಳು ಅಂತಿದ್ದಾನಂತೆ. ಮಾರ್ಚ್ 14ಕ್ಕೆ ನಾನು ಬಂದು ನನ್ನದೇ ಅಂತ ತೋರಿಸಬೇಕಂತೆ. ಇಲ್ಲದಿದ್ದರೆ ಹರಾಜು.

ನಾನು ನಿನ್ನ ಅಂಗಡಿಗೆ ಲೇತ್ ರಿಪೇರಿಗೆ ಯಾವಾಗಯ್ಯಾ ಕೊಟ್ಟೆ? ಕೊಟ್ಟಿದ್ದರೆ ಒಂಬತ್ತು ವರ್ಷ ರಿಪೇರಿ ಮಾಡದೆ ಇಟ್ಟುಕೊಂಡ ನೀನು ಎಂಥ ರಿಪೇರಿಯವನು?

ಎರಡು ವಿಷಯ ಬರೆ. ಬೇರೆ ಯಾರ ಹೆಸರೂ ಸಿಗದವನ ಹಾಗೆ ನನ್ನ ಹೆಸರೇ ಯಾಕೆ ಬರೆದೆ? ನಾವು ಈ ಮನೆಗೆ ಬಂದು ಐದು ವರ್ಷವಾಯ್ತು, ನಿಮ್ಮ ಕಡೆಯ ಒಬ್ಬರಿಗೂ ನಾನು ವಿಳಾಸ ಕೊಟ್ಟಿಲ್ಲ. ನಿನಗೆ ಹೇಗೆ ಸಿಕ್ಕಿತು?

ಫೋನ್ ಮಾಡಬೇಡ. ಫೋನಿನಲ್ಲಿ ನೀನು ಬೆಣ್ಣೆ ಹಚ್ಚಿ ಜಾರಿಕೊಳ್ತೀಯ. ಬರೆದದ್ದನ್ನಾದರೆ ನಾನು ಇನ್ನೊಂದು ಸಲ ಓದಿ ಇನ್ನೊಂದು ಸಲ ಬೈಯಬಹುದು.

ಅಕ್ಕ


ಫೆಬ್ರವರಿ 9

ಅಕ್ಕಾ,

ಬೈಗುಳವಾದರೂ ಬಂತಲ್ಲ, ಅಷ್ಟೇ ಸಂತೋಷ.

ಎರಡು ವರ್ಷದ ಹಿಂದೆ ಹೋಲ್‌ಸೇಲ್‌ನವನ ಹತ್ತಿರ ಮುನ್ನೂರು ಹೊಸ ಕೈಗಡಿಯಾರ ಸಾಲಕ್ಕೆ ತಂದೆ. ರಿಪೇರಿ ಕಮ್ಮಿಯಾಗ್ತಿದೆ, ಮಾರಾಟವಾದರೂ ಮಾಡೋಣ ಅಂತ. ಈಗ ಟೈಮ್ ನೋಡೋಕೆ ಎಲ್ಲರ ಜೇಬಿನಲ್ಲೂ ಫೋನಿದೆ ಅನ್ನೋದು ನನಗೊಬ್ಬನಿಗೇ ಗೊತ್ತಿರಲಿಲ್ಲ ಅಂತ ಕಾಣುತ್ತೆ. ಮಾರಿದ್ದು ನಲವತ್ತೊಂದು. ಅವನು ಕೋರ್ಟಿಗೆ ಹೋದ, ಡಿಕ್ರಿ ಆಯ್ತು.

ಕೋರ್ಟಿನ ಅಮೀನರು ಜಫ್ತಿಗೆ ಮಂಗಳವಾರ ಬರ್ತಾರೆ ಅಂತ ಪಕ್ಕದ ಬೀಗದಂಗಡಿಯವನು ಹೇಳಿದ. ಆವತ್ತಿನಿಂದ ನನಗೆ ಕೂತಲ್ಲಿ ಕೂರೋಕಾಗಲಿಲ್ಲ, ನಿಂತಲ್ಲಿ ನಿಲ್ಲೋಕಾಗಲಿಲ್ಲ. ಬೇರೆ ಏನು ಹೋದರೂ ಹೋಗಲಿ, ಅಪ್ಪನ ಲೇತ್ ಹೋಗಬಾರದು. ಗಡಿಯಾರದೊಳಗೆ ಚಕ್ರ ಕೂರೋ ಕೂದಲೆಳೆಯಂಥ ಅಚ್ಚು ಮುರಿದರೆ ಹೊಸದು ಎಲ್ಲೂ ಸಿಗಲ್ಲ, ಲೇತಿನ ಮೇಲೇ ತಿರುಗಿಸಿ ಮಾಡಬೇಕು. ಅದು ಹೋದರೆ ನಾನು ಬ್ಯಾಟರಿ ಬದಲಾಯಿಸೋನು ಅಷ್ಟೇ.

ಗಿರಾಕಿಗಳ ಸಾಮಾನು ಮುಟ್ಟೋ ಹಾಗಿಲ್ಲ ಅನ್ನೋದು ಗೊತ್ತಿತ್ತು. ರಿಪೇರಿಗೆ ಬಂದ ಗಡಿಯಾರಕ್ಕೆಲ್ಲ ಚೀಟಿ ಕಟ್ಟಿರುತ್ತಲ್ಲ. ಹಾಗೇ ಲೇತಿಗೂ ಒಂದು ಚೀಟಿ ಕಟ್ಟಿಬಿಟ್ಟೆ. ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ ನನ್ನ ಲೆಕ್ಕ.

ಅಮೀನರು ಒಳ್ಳೆ ಸಮಾಧಾನದ ಮನುಷ್ಯ. ಚೀಟಿ ಓದಿ ಪಟ್ಟಿಗೆ ಬರೆದುಕೊಂಡರು, ನನ್ನ ಸಹಿ ತಗೊಂಡರು. ಹೊರಡುವಾಗ ಬಾಗಿಲಲ್ಲಿ ನಿಂತು, "ಇದು ಅವರ ಲೇತು, ಸರಿ. ನಿಮ್ಮದೆಲ್ಲಿ?" ಅಂದರು. "ನನಗೆ ಲೇತೇ ಇಲ್ಲ ಸಾರ್" ಅಂದೆ, ಎದೆ ಉಬ್ಬಿಸಿಕೊಂಡು. "ಇದ್ದಿದ್ದರೆ ಮುಟ್ಟುತ್ತಲೇ ಇರಲಿಲ್ಲ ಕಣ್ರೀ. ಹೊಟ್ಟೆಪಾಡಿನ ಹತಾರ ಜಫ್ತಿ ಮಾಡೋ ಹಾಗಿಲ್ಲ. ಬೆಂಚು, ಚಿಮಟ, ಭೂತಗನ್ನಡಿ ಎಲ್ಲ ಬಿಟ್ಟಿಲ್ಲವಾ ನಿಮಗೆ?" ಅಂದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯ್ತು ಅಕ್ಕಾ. ಸುಮ್ಮನೆ ಬೆಂಚಿನ ಮೇಲೆ ಬಿಟ್ಟಿದ್ದರೆ ನನಗೇ ಉಳೀತಿತ್ತು. ಈಗ ನನ್ನದು ಅಂತ ಬಾಯಿ ಬಿಡೋ ಹಾಗಿಲ್ಲ, ಅಲ್ಲ ಅಂತ ನಾನೇ ಸಹಿ ಹಾಕಿದ್ದೀನಿ. ಹೋಲ್‌ಸೇಲ್‌ನವನ ವಕೀಲ ತಕರಾರು ಎತ್ತಿದ ಮೇಲೆ ಲೇತ್ ಕೋರ್ಟಿನ ಉಗ್ರಾಣಕ್ಕೆ ಹೋಗಿದೆ.

ನೀನು ಬಂದು ಒಂದು ಮಾತು ಹೇಳು, 'ಹೌದು, ನನ್ನದು' ಅಂತ. ಬಿಡಿಸಿಕೊಟ್ಟು ಹೋಗು. ಮಿಕ್ಕಿದ್ದು ನಾನು ನೋಡಿಕೊಳ್ತೀನಿ. ಹೆಸರು ಏನೋ ಗಡಿಬಿಡಿಯಲ್ಲಿ ಕೈಗೆ ಬಂದದ್ದು ಬರೆದೆ, ಅದರಲ್ಲೇನಿಲ್ಲ. ವಿಳಾಸ ಯಾರೋ ಕೊಟ್ಟರು. ಭಾವನ ಆರೋಗ್ಯ ಹೇಗಿದೆ?

ನಿನ್ನ ತಮ್ಮ


ಫೆಬ್ರವರಿ 15

ತಮ್ಮಾ,

ಭಾವ ಚೆನ್ನಾಗಿದ್ದಾರೆ. ಬಸ್ಸು ಓಡಿಸೋದು ಬಿಟ್ಟ ಮೇಲೆ ಮನೆಯಲ್ಲಿ ಕೂತು ನನ್ನನ್ನ ಓಡಿಸ್ತಿದ್ದಾರೆ. ನಿನ್ನ ಕಾಗದ ಓದಿ ಹೊಟ್ಟೆ ಹಿಡಕೊಂಡು ನಕ್ಕರು. ನನಗೆ ನಗು ಬರಲಿಲ್ಲ.

ನಾನು ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೀನಿ. ಒಂಬೈನೂರು ಹಾಸಿಗೆ ಚಾದರ ನನ್ನ ಸುಪರ್ದಿಯಲ್ಲಿವೆ. ಹರಿದ ದಿಂಬುಚೀಲ ಕೊಟ್ಟರೂ ಸಹಿ ತಗೊಂಡೇ ಕೊಡ್ತೀನಿ. ದೊಡ್ಡ ಡಾಕ್ಟರು ಬಂದು 'ಇವತ್ತೊಂದು ದಿನ ಬಿಡಿ ಅಮ್ಮ' ಅಂದರೂ ಬಿಡಲ್ಲ. ನನ್ನ ಬಾಯಿಂದ ಪ್ರಮಾಣ ಮಾಡಿಸಿ ಸುಳ್ಳು ಹೇಳಿಸ್ತೀಯಾ? 'ಬಿಡಿಸಿಕೊಟ್ಟು ಹೋಗು' ಅಂತೆ. ನಾನೇನು ನಿನ್ನ ಅಂಗಡಿಯ ಬೀಗದ ಕೈಯಾ, ಬಾಗಿಲು ತೆಗೆದ ಮೇಲೆ ಮೊಳೆಗೆ ನೇತು ಹಾಕೋಕೆ?

ನೀನು ಮರೆತಿರಬಹುದು, ನಾನು ಮರೆತಿಲ್ಲ. ಹತ್ತು ವರ್ಷಕ್ಕೆ ಅಪ್ಪ ನನ್ನನ್ನ ಬೆಂಚಿನ ಮುಂದೆ ಕೂರಿಸಿದರು. 'ಎಡಚೀ, ಉಸಿರು ಬಿಗಿಹಿಡಿ' ಅಂತ ಹಿಂದೆ ನಿಂತು ಹೇಳೋರು. ಒಂಬತ್ತು ವರ್ಷ ಆ ಲೇತಿನ ಮೇಲೆ ಅಚ್ಚು ತಿರುಗಿಸಿದ್ದೀನಿ. ಚೀಟಿಯ ಕೊನೇ ಸಾಲಿನಲ್ಲಿ 'ಮಾಡಿದವರು' ಅಂತ ಇರ್ತಿತ್ತಲ್ಲ, ಅಲ್ಲಿ ಅಪ್ಪ ತಮ್ಮದೇ ಹೆಸರು ಬರೀತಿದ್ದರು. ಹುಡುಗಿ ಮಾಡಿದ್ದು ಅಂದರೆ ಗಿರಾಕಿ ಹೆದರ್ತಾನೆ ಅಂತ. ಆಮೇಲೆ ನನಗೆ ಮದುವೆ ಆಯ್ತು, ಹದಿಮೂರು ವರ್ಷದ ನೀನು ನನ್ನ ಸ್ಟೂಲಿನ ಮೇಲೆ ಕೂತೆ.

ಒಂಬತ್ತು ವರ್ಷದ ಹಿಂದೆ ಅಪ್ಪ ಹೋದ ಮೇಲೆ ನಾನು ಅಂಗಡಿ ಕೇಳಲಿಲ್ಲ, ಮನೆ ಕೇಳಲಿಲ್ಲ. ಲೇತೊಂದು ಕೊಡು ಅಂದೆ. ಬೀಗದಂಗಡಿಯವನ ಮುಂದೆ, ನಿನ್ನ ಹೆಂಡತಿಯ ಮುಂದೆ, ನೀನು ಏನಂದೆ? 'ಅದನ್ನ ತಗೊಂಡು ಹೋಗಿ ತರಕಾರಿ ಹೆಚ್ಚುತೀಯಾ?' ಅವರಿಬ್ಬರೂ ನಕ್ಕರು. ನೀನೂ ನಕ್ಕೆ.

ನಾನು ಬರಲ್ಲ. ಮಾಡಿದ್ದುಣ್ಣೋ ಮಹರಾಯ.

ಅಕ್ಕ

ನನ್ನ ಹೆಸರೇ ಯಾಕೆ ಅನ್ನೋದಕ್ಕೆ ನೀನು ಕೊಟ್ಟದ್ದು ಉತ್ತರ ಅಲ್ಲ.


ಫೆಬ್ರವರಿ 26

ಅಕ್ಕಾ,

ನಿನ್ನ ಕಾಗದ ಜೇಬಿನಲ್ಲೇ ಇಟ್ಟುಕೊಂಡು ಒಂದು ವಾರ ತಿರುಗಿದೆ.

ಅಮೀನರು ಮನೆಗೂ ಬಂದಿದ್ದರು. ಫ್ರಿಜ್ಜು ಹೋಯ್ತು, ಕನ್ನಡಿಯ ಬೀರು ಹೋಯ್ತು, ಟಿವಿ ಹೋಯ್ತು. ಅಡುಗೆ ಪಾತ್ರೆ, ಹಾಸಿಗೆ, ಉಡೋ ಬಟ್ಟೆ ಮುಟ್ಟಲಿಲ್ಲ. ಬೀರು ಇದ್ದ ಕಡೆ ಗೋಡೆ ಮೇಲೆ ಬೆಳ್ಳಗೆ ಒಂದು ಚೌಕ ಉಳಿದಿದೆ. ನನ್ನ ಹೆಂಡತಿ ದಿನಾ ಬೆಳಿಗ್ಗೆ ಅದರ ಮುಂದೆ ನಿಂತು ತಲೆ ಬಾಚಿಕೊಳ್ತಾಳೆ, ಅಭ್ಯಾಸ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳ ಪರವಾಗಿ ಪಾತ್ರೆಗಳು ಮಾತಾಡ್ತಿವೆ.

ಅಂಗಡಿ ತೆಗೀತೀನಿ, ಕೂರ್ತೀನಿ, ಏಳ್ತೀನಿ. ರಸ್ತೆಯಲ್ಲಿ ಯಾರಾದರೂ ಫೈಲು ಹಿಡಿದು ಬಂದರೆ ಅಮೀನರೇ ಅನ್ನಿಸುತ್ತೆ. ಮೊನ್ನೆ ಅಂಥವನೊಬ್ಬ ಬಂದ, ನಾನು ಬೆಂಚಿನ ಕೆಳಗೆ ಏನೋ ಹುಡುಕೋ ಹಾಗೆ ಬಗ್ಗಿದೆ. ನೋಡಿದರೆ ಕರೆಂಟ್ ಮೀಟರ್ ಓದೋನು. ಲೇತಿಲ್ಲದೆ ಹನ್ನೊಂದು ಕೆಲಸ ನಿಂತಿವೆ. ಎಡ ಭುಜದ ನೋವು ಮಾತ್ರ ಕಮ್ಮಿಯಾಗಿದೆ, ಮೂವತ್ತು ವರ್ಷದಲ್ಲಿ ಮೊದಲನೇ ಸಲ.

ತರಕಾರಿ ಮಾತು ನಾನು ಮರೆತಿಲ್ಲ. ಮರೆತಿದ್ದೀನಿ ಅಂತ ನೀನು ಅಂದುಕೊಂಡಿದ್ದೇ ಒಳ್ಳೆಯದು ಅಂತ ಇಷ್ಟು ದಿನ ಸುಮ್ಮನಿದ್ದೆ.

ನೀನು ಬಾರದಿದ್ದರೆ ಅದು ಹಳೇ ಕಬ್ಬಿಣದ ಬೆಲೆಗೆ ಹೋಗುತ್ತೆ. ವಕೀಲನಿಗೆ ಅದು ಏನು ಅಂತಲೂ ಗೊತ್ತಿಲ್ಲ, ಪಟ್ಟಿಯಲ್ಲಿ ಎದ್ದು ಕಾಣ್ತು, ಹಿಡಕೊಂಡ ಅಷ್ಟೇ. ನನಗೆ ಬೇಡ ಅಂದುಕೋ. ಹರಾಜಾಗೋದು ನಿನಗೆ ಸರೀನಾ?

ತಮ್ಮ


ಮಾರ್ಚ್ 4

ಬರ್ತೀನಿ. ಅಲ್ಲಿ ಏನು ಹೇಳ್ತೀನಿ ಅಂತ ಕೇಳಬೇಡ. ಸ್ಟೇಷನ್ನಿಗೆ ಬರಬೇಡ, ಮನೆಗೆ ಊಟಕ್ಕೆ ಕರೀಬೇಡ.

ಅಕ್ಕ


ಮಾರ್ಚ್ 16

ಅಕ್ಕಾ,

ನೀನು ನನ್ನ ಮುಖ ನೋಡದೆ ಹೊರಟುಹೋದೆ. ಅಲ್ಲಿ ನಡೆದದ್ದು ನಿನಗೆ ಗೊತ್ತಿದೆ, ನೀನೇ ನಡೆಸಿದ್ದು. ಆದರೆ ನನ್ನ ಕಡೆಯಿಂದ ಅದು ಹೇಗಿತ್ತು ಅಂತ ಗೊತ್ತಿಲ್ಲ, ಅದಕ್ಕೆ ಬರೀತಿದ್ದೀನಿ.

ಹೋಲ್‌ಸೇಲ್‌ನವನ ವಕೀಲ ಎದ್ದು ನಿಂತ. "ಚಾದರ ಎಣಿಸೋ ಹೆಂಗಸಿಗೆ ಗಡಿಯಾರದ ಲೇತ್ ಯಾಕೆ ಸ್ವಾಮಿ? ಇದು ಅಮೀನರು ಬರೋ ದಿನ ಬೆಳಿಗ್ಗೆ ಹುಟ್ಟಿದ ಚೀಟಿ" ಅಂದ. ಅದಕ್ಕೆ ಅಮೀನರು, "ದಾರ ಹೊಸದು, ಚೀಟಿ ಹಳೇದು. ಮಸಿ ಮಾಸಿತ್ತು" ಅಂದರು. ನೀನು ತಟ್ಟನೆ ನನ್ನ ಕಡೆ ತಿರುಗಿದೆ. ನಾನು ನೆಲ ನೋಡಿದೆ.

ನೀನು ಅಳ್ತೀಯ, ಇಲ್ಲ ಬೈತೀಯ ಅಂತ ಕಾದಿದ್ದೆ. ನೀನು, "ಲೇತನ್ನ ತರಿಸಿ, ಇವನನ್ನ ಅದರ ಮುಂದೆ ಕೂರಿಸಿ" ಅಂದೆ. ತಂದು ಮೇಜಿನ ಮೇಲಿಟ್ಟರು. ನಾನು ಕೂತೆ. ನನ್ನ ಬಲಗೈ ಹೋಗಿ ಚಕ್ರ ಹಿಡೀತು, ಉಳಿ ಎಡಗೈಗೆ ಬಂತು, ಎಡ ಭುಜ ಕಿವಿತನಕ ಏರಿತು. ಬಲಗೈಯವನು ನಾನು, ಮೂವತ್ತು ವರ್ಷ ಹಾಗೇ ಕೂತಿದ್ದೀನಿ. "ಎಲ್ಲ ರಿಪೇರಿಯವರೂ ಚಕ್ರ ಎಡಗೈಲಿ ತಿರುಗಿಸಿ ಉಳಿ ಬಲಗೈಲಿ ಹಿಡೀತಾರೆ. ಇದು ಉಲ್ಟಾ ಯಾಕಿದೆ ಅಂತ ಅವನನ್ನೇ ಕೇಳಿ" ಅಂದೆ ನೀನು.

ನ್ಯಾಯಾಧೀಶರು ಕೇಳಿದರು, "ಇದು ನಿಮ್ಮ ಕೈಗೆ ಹೊಂದಿಸಿದ್ದಾ?"

ಹೌದು ಅಂದಿದ್ದರೂ ನಡೀತಿತ್ತು ಅಕ್ಕಾ. ಅಲ್ಲಿ ಯಾರಿಗೆ ಗೊತ್ತಾಗ್ತಿತ್ತು? ಹೌದು ಅಂದು, ಚೀಟಿ ಸುಳ್ಳು ಅಂತ ಒಪ್ಪಿ, ದಂಡ ಕಟ್ಟಿ, ಹೊಟ್ಟೆಪಾಡಿನ ಹತಾರ ಬಿಟ್ಟುಕೊಡಿ ಅಂತ ಕಾಲು ಹಿಡಿಯಬಹುದಿತ್ತು. ಇದು ಹಿಂದಿನ ದಿನ ಬೀಗದಂಗಡಿಯವನು ಹೇಳಿಕೊಟ್ಟ ಉಪಾಯ, ನಾಲಿಗೆ ತುದೀಲೇ ಇತ್ತು. ಆದರೆ ನೀನು ಪಕ್ಕದಲ್ಲಿ ನಿಂತು ಎಡಗೈ ಬೆರಳುಗಳನ್ನ ಒಂದಕ್ಕೊಂದು ಉಜ್ಜುತ್ತಿದ್ದೆ. ಕೆಲಸಕ್ಕೆ ಮುಂಚೆ ಹಾಗೆ ಉಜ್ಜೋಳು ನೀನು, ನಾನು ಚಿಕ್ಕವನಿದ್ದಾಗ ನೋಡಿದ್ದು.

"ಇಲ್ಲ ಸ್ವಾಮಿ. ಅಕ್ಕನ ಕೈಗೆ. ಅವಳು ಎಡಚಿ. ಅಪ್ಪ ಅವಳಿಗೋಸ್ಕರ ಚಕ್ರವನ್ನ ಬಲಗಡೆಗೆ ತಿರುಗಿಸಿ ರಿವಿಟ್ ಹೊಡೆದರು, ಮತ್ತೆ ಬದಲಾಯಿಸೋಕೆ ಬಾರದ ಹಾಗೆ" ಅಂದೆ. ನಿಜ ಹೇಳೋದು ಅಷ್ಟು ಕಷ್ಟ ಅಂತ ನನಗೆ ಗೊತ್ತಿರಲಿಲ್ಲ. ರಿಪೇರಿಗೆ ಅಂತ ಸುಳ್ಳು ಬರೆದದ್ದಕ್ಕೆ ನ್ಯಾಯಾಧೀಶರು ನನ್ನ ಕಿವಿ ಹಿಂಡಿದರು, ಲೇತ್ ನಿನಗೆ ಕೊಟ್ಟರು. ನೀನು ಅದನ್ನ ಟವೆಲ್ಲಿನಲ್ಲಿ ಸುತ್ತಿ ಬುಟ್ಟಿಯಲ್ಲಿ ಇಟ್ಟುಕೊಂಡು ಮೆಟ್ಟಿಲಿಳಿದು ಹೋದೆ. ನಾನು ಗೇಟಿನ ತನಕ ಬಂದೆ. ನೀನು ತಿರುಗಿ ನೋಡ್ತೀಯ ಅಂತ.

ಕೇಳಬಾರದು, ಆದರೂ ಕೇಳ್ತೀನಿ. ಕಳಿಸ್ತೀಯಾ?

ತಮ್ಮ


ಏಪ್ರಿಲ್ 2

ತಮ್ಮಾ,

ಕಳಿಸಲ್ಲ.

ಅಡುಗೆಮನೆ ಕಿಟಕಿಯ ಕೆಳಗೆ ಮೇಜು ಹಾಕಿ ಕೂರಿಸಿದ್ದೀನಿ. ತರಕಾರಿ ಹೆಚ್ಚೋ ಮೇಜೇ. ನಿನ್ನ ಬಾಯಿ ಹರಕೆ ಫಲಿಸಿತು ನೋಡು.

ಮೊದಲನೇ ದಿನ ಸೂಜಿಗಾತ್ರದ ಕಂಬಿ ತಿರುಗಿಸೋಕೆ ಹೋದೆ, ಮುರೀತು. ಎರಡನೆಯದೂ ಮುರೀತು. ಮೂರನೆಯದು ಚಿಮ್ಮಿ ಹೋಗಿ ಭಾವನ ಕಾಫಿಗೆ ಬಿತ್ತು. ಕಣ್ಣು ಮಂಜು, ಬೆರಳಿನ ಗಂಟು ಬಿಗಿ. ಮೂವತ್ತೊಂದು ವರ್ಷ ಸುಮ್ಮನೆ ಹೋದವಲ್ಲ ಅಂತ ಅಳು ಬಂತು. ಕೂತು ಅತ್ತೆ. ಅಪ್ಪನ ಮೇಲೆ, ನಿನ್ನ ಮೇಲೆ, ಸುಮ್ಮನೆ ಮದುವೆಗೆ ತಲೆ ಬಗ್ಗಿಸಿದ ನನ್ನ ಮೇಲೂ ಸಿಟ್ಟು ಬಂತು. ಈಗ ಆಸ್ಪತ್ರೆಯಿಂದ ಬಂದು ದಿನಾ ಒಂದು ಗಂಟೆ ಕೂರ್ತೀನಿ. ಹದಿನಾಲ್ಕು ಮುರಿದಿದ್ದೀನಿ.

ನೀನು ಕೋರ್ಟಿನಲ್ಲಿ 'ಇಲ್ಲ' ಅಂದಾಗ ನನಗೆ ಗೆದ್ದ ಖುಷಿ ಆಗಲಿಲ್ಲ. ಅದಕ್ಕೇ ತಿರುಗಿ ನೋಡಲಿಲ್ಲ. ತಿರುಗಿದ್ದರೆ ಬುಟ್ಟಿ ಅಲ್ಲೇ ನಿನ್ನ ಕೈಗೆ ಕೊಟ್ಟುಬಿಡ್ತಿದ್ದೆ. ಆಮೇಲೆ ಸಾಯೋ ತನಕ ನಿನ್ನನ್ನ ಶಪಿಸ್ತಿದ್ದೆ.

ಒಂದು ವಿಷಯ ನನಗೆ ನಿದ್ದೆ ಕೆಡಿಸ್ತಿದೆ. ನೀನು ಬರೆದದ್ದು, ಗಡಿಬಿಡಿಯಲ್ಲಿ ಕೈಗೆ ಬಂದ ಹೆಸರು ಅಂತ. ಅಮೀನರು ಹೇಳಿದ್ದು, ಚೀಟಿ ಹಳೇದು ಅಂತ. ಯಾವುದು ಸುಳ್ಳು?

ಅಕ್ಕ


ಮೇ 11

ಅಕ್ಕಾ,

ತಿಂಗಳ ಮೇಲಾಯ್ತು, ಕ್ಷಮಿಸು. ಐದು ಸಲ ಬರೆದು ಹರಿದೆ.

ಚೀಟಿ ನಾಲ್ಕು ವರ್ಷದ್ದು. ಭಾವನ ಹಳೇ ಬಸ್ ಡಿಪೋಗೆ ಹೋಗಿ ವಿಳಾಸ ತಗೊಂಡಿದ್ದೆ. ಲೇತಿಗೆ ನಿನ್ನ ಹೆಸರಿನ ಚೀಟಿ ಕಟ್ಟಿ, ಚೀಲದಲ್ಲಿ ಹಾಕಿಕೊಂಡು ನಿಮ್ಮ ಊರಿಗೆ ಬಂದೆ. ನಿಮ್ಮ ಕಟ್ಟಡದ ಮೆಟ್ಟಿಲ ಕೆಳಗೆ ಒಂದು ಗಂಟೆ ನಿಂತಿದ್ದೆ. ಮೇಲಿನ ಮನೆಯವಳು ಬಗ್ಗಿ ನೋಡಿ 'ಯಾರು ಬೇಕು?' ಅಂದಳು. 'ಮೀಟರ್ ನೋಡೋಕೆ' ಅಂದೆ. ಕೊಟ್ಟುಬಿಟ್ಟರೆ ನಾಳೆ ಬೆಳಿಗ್ಗೆ ಬೆಂಚಿನ ಮುಂದೆ ಕೂತು ಏನು ಮಾಡಲಿ ಅಂತ ಭಯ. ವಾಪಸ್ ಬಂದೆ. ದಾರ ಕತ್ತರಿಸಿ ಚೀಟಿಯನ್ನ ಡ್ರಾಯರಿಗೆ ಹಾಕಿದೆ. ಅಮೀನರು ಬರೋ ದಿನ ಬೆಳಿಗ್ಗೆ ಡ್ರಾಯರ್ ತೆಗೆದರೆ ಅದೇ ಮೇಲಿತ್ತು. ಅದರ ಮೇಲೆ 'ರಿಪೇರಿಗೆ' ಅಂತ ಒಂದು ಪದ ಸೇರಿಸಿ ಹೊಸ ದಾರ ಕಟ್ಟಿದೆ.

ಬೇರೆ ಹೆಸರು ನನಗೆ ಹೊಳೆಯಲೇ ಇಲ್ಲ. ಇದು ನನ್ನದಲ್ಲ ಅಂತ ಹೇಳಬೇಕಾಗಿ ಬಂದಾಗ ಇನ್ನಾರ ಹೆಸರು ಬರೀಲಿ?

ಕೊನೆಗೆ ಹೋಲ್‌ಸೇಲ್‌ನವನು ಉಳಿದ ಗಡಿಯಾರಗಳನ್ನ ವಾಪಸ್ ತಗೊಂಡ, ಬಾಕಿಗೆ ತಿಂಗಳ ಕಂತು. ಇನ್ನೂ ಮೂರು ವರ್ಷ ಕಟ್ಟಬೇಕು. ಹೆಂಡತಿ ಮಾತಾಡೋಕೆ ಶುರು ಮಾಡಿದ್ದಾಳೆ, ಪಾತ್ರೆಗಳೇ ವಾಸಿ ಅನ್ನಿಸುತ್ತೆ.

ಈ ಕಾಗದದ ಜೊತೆ ಒಂದು ಡಬ್ಬಿ ಇದೆ. ಲೇತ್ ವಾಪಸ್ ಕೇಳ್ತಿಲ್ಲ, ಹೆದರಬೇಡ. ಒಳಗೆ ಒಬ್ಬ ಅಜ್ಜಿಯ ಕೈಗಡಿಯಾರವಿದೆ, ಅಚ್ಚು ಮುರಿದು ಹನ್ನೊಂದು ವರ್ಷದಿಂದ ನಿಂತಿದೆ. ಬೇರೆ ಎಲ್ಲ ಕೆಲಸ ನಾನು ಮುಗಿಸಿದ್ದೀನಿ. ಅಚ್ಚು ಮಾತ್ರ ನೀನು ಮಾಡಬೇಕು. ಅಳತೆ ಬರೆದಿಟ್ಟಿದ್ದೀನಿ. ಚೀಟಿ ಕಟ್ಟಿದ್ದೀನಿ. ಎಲ್ಲ ಸಾಲೂ ತುಂಬಿದ್ದೀನಿ, ಕೊನೆಯದೊಂದು ಬಿಟ್ಟು.

ತಮ್ಮ


ಮೇ 27

ತಮ್ಮಾ,

ಮೀಟರ್ ನೋಡೋಕಂತೆ! ಮೇಲಿನ ಮನೆಯವಳನ್ನ ಕೇಳಿದೆ. ಅವಳಿಗೆ ಇನ್ನೂ ನೆನಪಿದೆ. 'ಚೀಲ ಎದೆಗವಚಿಕೊಂಡು ನಿಂತಿದ್ದ ಕಣಮ್ಮ, ಮಗು ಎತ್ತಿಕೊಂಡ ಹಾಗೆ' ಅಂದಳು. ಕತ್ತೆ. ಬಾಗಿಲು ತಟ್ಟಬಾರದಿತ್ತಾ? ಒಂದು ಲೋಟ ನೀರಾದರೂ ಕೊಡ್ತಿದ್ದೆ. ಬೈದು ಕೊಡ್ತಿದ್ದೆ.

ನಿನ್ನ ಅಳತೆ ತಪ್ಪು. ಮೇಲ್ತುದಿ ದಪ್ಪ ಬರೆದಿದ್ದೀಯ. ಹಳೇ ಅಚ್ಚಿನ ಚೂರು ನೋಡಿ ನಾನೇ ಸರಿಮಾಡಿಕೊಂಡೆ. ಆರು ಮುರಿದೆ, ಏಳನೆಯದು ಕೂತಿತು. ಕೂರಿಸಿ ಕೀಲಿ ಕೊಟ್ಟೆ, ಓಡ್ತು. ಭಾವನ ಕಿವಿಗೆ ಹಿಡಿದೆ, ಅವರಿಗೆ ಆ ಕಿವಿ ಕೇಳಲ್ಲ, ಆದರೂ 'ಓಡ್ತಿದೆ ಓಡ್ತಿದೆ' ಅಂದರು. ಎರಡು ದಿನ ದಿಂಬಿನ ಪಕ್ಕ ಇಟ್ಟುಕೊಂಡು ನೋಡಿದ್ದೀನಿ, ಒಂದು ನಿಮಿಷ ಮುಂದೆ ಹೋಗುತ್ತೆ. ಅದನ್ನ ನೀನು ಸರಿಮಾಡು.

ನನ್ನ ಕೂಲಿ ಬೇರೆ ಚೀಟಿಯಲ್ಲಿ ಬರೆದಿದ್ದೀನಿ. ಅಕ್ಕ ಅಂತ ಪುಕ್ಕಟೆ ಅಂದುಕೊಳ್ಳಬೇಡ. ಮುರಿದ ಆರಕ್ಕೆ ದುಡ್ಡು ಹಾಕಿಲ್ಲ.

ಕೊನೇ ಸಾಲು ತುಂಬಿದ್ದೀನಿ. ಅಕ್ಷರ ವಕ್ರವಾಗಿದೆ. ಅದನ್ನ ಹರಿದು ಹೊಸದು ಬರೆದೆಯೋ, ನೋಡ್ಕೋ.

ಅಕ್ಕ


ಜೂನ್ 9

ಅಕ್ಕಾ,

ಕೂಲಿ ಕಳಿಸಿದ್ದೀನಿ. ಜೊತೆಗೆ ಇನ್ನೂ ನಾಲ್ಕು ಗಡಿಯಾರ ಇವೆ. ಈ ಸಲ ಅಳತೆ ಮೂರು ಸಲ ನೋಡಿ ಬರೆದಿದ್ದೀನಿ, ಆದರೂ ನಂಬಬೇಡ. ಕಂತಿನ ದಿನ ಹತ್ತಿರ ಬಂದರೆ ಈಗಲೂ ಮೈಯಲ್ಲಿ ಇರುವೆ ಹರಿದ ಹಾಗಾಗುತ್ತೆ.

ಅಜ್ಜಿ ನಿನ್ನೆ ಬಂದಿದ್ದರು. ಗಡಿಯಾರ ಕಿವಿಗೆ ಹಿಡಕೊಂಡು ಕೇಳಿದರು. ಆಮೇಲೆ ಕನ್ನಡಕ ಹಾಕಿಕೊಂಡು ಚೀಟಿಯನ್ನ ಮೇಲಿಂದ ಕೆಳಗಿನ ತನಕ ಓದಿದರು. ಕೊನೇ ಸಾಲಿನ ಮೇಲೆ ಬೆರಳಿಟ್ಟು, "ಇದು ಹೆಂಗಸಿನ ಹೆಸರಲ್ಲವೇನಪ್ಪಾ?" ಅಂದರು.

"ಹೌದಮ್ಮ, ನಮ್ಮಕ್ಕ" ಅಂದೆ.

ಬೀಗದಂಗಡಿಯವನು ಬಾಗಿಲಲ್ಲೇ ನಿಂತಿದ್ದ. ಅವನಿಗೂ ಕೇಳಲಿ ಅಂತ ಸ್ವಲ್ಪ ಜೋರಾಗಿಯೇ ಅಂದೆ.

"ಪರವಾಗಿಲ್ಲವೇ! ನಿನ್ನ ಹತ್ತಿರ ಕಲಿತಳಾ?" ಅಂದರು ಅಜ್ಜಿ.

"ಇಲ್ಲಮ್ಮ. ಅವಳ ಲೇತಿನ ಮೇಲೆ ನಾನು ಕಲಿತದ್ದು."

ನಿನ್ನ ತಮ್ಮ